ಯಾರು ಎಲ್ಲಿ ಮಲಗುತ್ತಿದ್ದರು: ಚ್ಯಾಟಮ್ ಬ್ಯಾರಕ್‌ಗಳ ಜಾಡಿನಲ್ಲಿ

ಶುಕ್ರವಾರ

ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ನಿಲ್ದಾಣದಿಂದ ಹೊರಟ ವೇಗದ ರೈಲು ಮುಕ್ಕಾಲು ಗಂಟೆಯೊಳಗೆ ಮೆಡ್‌ವೇ ನದಿಯ ಸೇತುವೆ ದಾಟಿಬಿಡುತ್ತದೆ. ರಾಚೆಸ್ಟರ್ ಕೋಟೆಯ ಚೌಕ ಗೋಪುರ, ಪಕ್ಕದಲ್ಲಿ ಕ್ಯಾಥೆಡ್ರಲಿನ ಶಿಖರ, ಕೆಳಗೆ ಇಳಿತದ ಹೊತ್ತಿನಲ್ಲಿ ಕೆಸರಿನ ದಂಡೆ ಬಿಟ್ಟು ಹಿಂದೆ ಸರಿದ ನದಿ. ಅದಾದ ಮೇಲೆ ಚ್ಯಾಟಮ್. ಹದಿನಾರನೇ ಶತಮಾನದಿಂದ 1984ರ ಮಾರ್ಚ್ 31ರವರೆಗೆ ಇಂಗ್ಲೆಂಡಿನ ನೌಕಾಪಡೆ ಇಲ್ಲಿ ಹಡಗು ಕಟ್ಟಿತು, ರಿಪೇರಿ ಮಾಡಿತು. ಟ್ರಫಾಲ್ಗರ್ ಯುದ್ಧದಲ್ಲಿ ನೆಲ್ಸನ್ ಇದ್ದ ವಿಕ್ಟರಿ ಹಡಗು 1765ರಲ್ಲಿ ನೀರಿಗಿಳಿದದ್ದು ಈ ದಂಡೆಯಿಂದಲೇ.

ನನ್ನನ್ನು ಇಲ್ಲಿಗೆ ಎಳೆದು ತಂದದ್ದು ಹಡಗುಗಳಲ್ಲ. ಅಕ್ಕನ ಮಗಳು ಇಲ್ಲಿನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಓದುತ್ತಾಳೆ. ಸೇರಿದ ಹೊಸತರಲ್ಲಿ ಫೋನಿನಲ್ಲಿ, "ಮಾವ, ನಮ್ಮ ಲೈಬ್ರರಿ ಮೊದಲು ನಾವಿಕರು ಕವಾಯತು ಮಾಡುತ್ತಿದ್ದ ಹಾಲ್ ಅಂತೆ. ಬಾಂಬ್ ಬಿದ್ದು ಮಲಗಿದ್ದವರು ಮಲಗಿದ್ದಲ್ಲೇ ಸತ್ತರಂತೆ" ಎಂದಿದ್ದಳು. ಆಮೇಲೆ ಈ ಊರಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಹೋದೆ. ಹಡಗುಗಳ ಹೆಸರು, ಅಳತೆ, ಫಿರಂಗಿಗಳ ಲೆಕ್ಕ ಎಲ್ಲವೂ ಅಚ್ಚುಕಟ್ಟಾಗಿ ಸಿಗುತ್ತವೆ. ಆ ಹಡಗುಗಳನ್ನೂ ಅವನ್ನು ಕಟ್ಟುತ್ತಿದ್ದ ಡಾಕ್‌ಯಾರ್ಡನ್ನೂ ಕಾಯಲು ಬಂದ ಸಾವಿರಾರು ಜನ ರಾತ್ರಿ ಎಲ್ಲಿ ಮಲಗುತ್ತಿದ್ದರು ಎಂಬುದನ್ನು ಮಾತ್ರ ಹುಡುಕಿ ತೆಗೆಯಬೇಕು. ಅದನ್ನು ನಡೆದೇ ನೋಡಬೇಕೆಂದು ಬಂದೆ.

ಸಂಜೆ ಬೆಳಕಿರುವಾಗಲೇ ಅವಳು ನನ್ನನ್ನು ಗ್ರೇಟ್ ಲೈನ್ಸ್ ಎಂಬ ಬಯಲಿಗೆ ಕರೆದುಕೊಂಡು ಹೋದಳು. ಊರಿನ ನೆತ್ತಿಯ ಮೇಲೆ ಹಬ್ಬಿದ ಹುಲ್ಲುಗಾವಲು. ಅಕ್ಟೋಬರಿನ ಗಾಳಿ ಕಿವಿಯೊಳಗೇ ಹೊಕ್ಕು ಕೂರುತ್ತದೆ. ಮೊದಲು ಇಲ್ಲಿ ನಿಂತದ್ದು ಒಳ್ಳೆಯದಾಯಿತು, ಏಕೆಂದರೆ ಇಡೀ ಕಥೆಯ ನಕ್ಷೆ ಕಣ್ಣೆದುರೇ ಬಿಡಿಸಿಕೊಳ್ಳುತ್ತದೆ: ನದಿಯ ತಿರುವು, ಅದರ ಅಂಚಿನಲ್ಲಿ ಡಾಕ್‌ಯಾರ್ಡಿನ ಉದ್ದನೆಯ ಛಾವಣಿಗಳು, ಅದರ ಬೆನ್ನಿಗೆ ಏರುವ ಗುಡ್ಡ, ಗುಡ್ಡದ ಇಳಿಜಾರಿನಲ್ಲಿ ಸಿಪಾಯಿಗಳ ವಸತಿಗೆಂದು ಕಟ್ಟಿದ ಬ್ಯಾರಕ್‌ಗಳು.

ಈ ಬಯಲು ಬಯಲಾಗಿಯೇ ಉಳಿದದ್ದಕ್ಕೆ ಕಾರಣವಿದೆ. 1667ರ ಜೂನ್‌ನಲ್ಲಿ ಡಚ್ಚರ ನೌಕಾಪಡೆ ಮೆಡ್‌ವೇ ನದಿಯೊಳಕ್ಕೆ ನುಗ್ಗಿತು. ಗಿಲ್ಲಿಂಗ್‌ಹ್ಯಾಮ್ ಬಳಿ ನದಿಗೆ ಅಡ್ಡಲಾಗಿ ಕಟ್ಟಿದ್ದ ಕಬ್ಬಿಣದ ಸರಪಣಿಯನ್ನು ದಾಟಿ, ಲಂಗರು ಹಾಕಿ ನಿಂತಿದ್ದ ಹಡಗುಗಳಿಗೆ ಬೆಂಕಿಯಿಟ್ಟು, ರಾಯಲ್ ಚಾರ್ಲ್ಸ್ ಎಂಬ ದೊಡ್ಡ ಹಡಗನ್ನು ತಮ್ಮ ದೇಶಕ್ಕೆ ಎಳೆದುಕೊಂಡು ಹೋದರು. ಅದರ ಹಿಂಬದಿಯ ಕೆತ್ತನೆ ಇವತ್ತಿಗೂ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿದೆ. ಆ ಹೊತ್ತಿಗೆ ಇಂಗ್ಲಿಷ್ ನಾವಿಕರಿಗೆ ಎಷ್ಟೋ ಕಾಲದಿಂದ ಸಂಬಳವೇ ಆಗಿರಲಿಲ್ಲ. ಹಡಗು ಕಳೆದುಕೊಂಡ ಅವಮಾನ ಎಲ್ಲರಿಗೂ ನೆನಪಿದೆ, ಸಂಬಳ ಕೊಡದ ಸಂಗತಿಯನ್ನೂ ಅದರ ಜೊತೆಗೇ ನೆನೆಯಬೇಕು.

ನದಿಯ ಕಡೆಯಿಂದ ಏಟು ತಿಂದವರಿಗೆ ನೆಲದ ಕಡೆಯಿಂದ ಬರುವ ಶತ್ರುವಿನ ಭಯವೂ ಹತ್ತಿತು. 1750ರ ದಶಕದಲ್ಲಿ ಫ್ರಾನ್ಸಿನ ದಾಳಿಯ ಆತಂಕ ಹೆಚ್ಚಿದಾಗ ಡಾಕ್‌ಯಾರ್ಡಿನ ಬೆನ್ನಿನ ಗುಡ್ಡದುದ್ದಕ್ಕೂ ಕಂದಕ ತೋಡಿ ಮಣ್ಣಿನ ಗೋಡೆ ಎಬ್ಬಿಸಿದರು. ಅದರ ಮುಂದಿನ ನೆಲದಲ್ಲಿ ಮನೆ ಏಳಕೂಡದು, ಶತ್ರುವಿಗೆ ಮರೆ ಸಿಗಕೂಡದು. ಹೀಗಾಗಿ ಈಗ ಮಕ್ಕಳು ನಾಯಿ ಓಡಿಸುವ ಈ ಹುಲ್ಲುಗಾವಲು ಉಳಿದುಕೊಂಡಿತು.

ಬಯಲಿನಲ್ಲಿ ನೌಕಾಪಡೆಯ ಸ್ಮಾರಕಸ್ತಂಭವೊಂದಿದೆ. ಸಮುದ್ರವೇ ಸಮಾಧಿಯಾದ ನಾವಿಕರ ಹೆಸರುಗಳನ್ನು ಕಂಚಿನ ಫಲಕಗಳಲ್ಲಿ ಬರೆದಿದ್ದಾರೆ: ಮೊದಲ ಮಹಾಯುದ್ಧದ 8,517, ಎರಡನೆಯದರ 10,098. ಕತ್ತಲಾಗುವವರೆಗೆ ಓದುತ್ತ ನಿಂತೆವು.

ಶನಿವಾರ

ಇಡೀ ದಿನ ಡಾಕ್‌ಯಾರ್ಡಿಗೆ. ಮುಚ್ಚಿದ ಮೇಲೆ ಹಳೆಯ ಜಾರ್ಜಿಯನ್ ಕಾಲದ ಭಾಗ, ಸುಮಾರು 80 ಎಕರೆ, ಒಂದು ಟ್ರಸ್ಟಿನ ಕೈಗೆ ಬಂತು. ಈಗ ಅದು ಮ್ಯೂಸಿಯಂ. ಅಲ್ಲಿ ನೋಡುವುದು ಬಹಳವಿದೆ, ನಾನು ಎಲ್ಲವನ್ನೂ ಬರೆಯುವುದಿಲ್ಲ. ವಿಕ್ಟರಿ ಹುಟ್ಟಿದ ಜಾಗದಲ್ಲಿರುವ ಡ್ರೈ ಡಾಕ್‌ನಲ್ಲಿ, ಅಂದರೆ ನೀರು ಖಾಲಿ ಮಾಡಿ ಹಡಗು ನಿಲ್ಲಿಸುವ ಕಟ್ಟೆಯಲ್ಲಿ, ಈಗ ಕ್ಯಾವಲಿಯರ್ ಎಂಬ ಎರಡನೇ ಮಹಾಯುದ್ಧದ ಡಿಸ್ಟ್ರಾಯರ್ ನಿಂತಿದೆ. 1962ರಲ್ಲಿ ಇಲ್ಲೇ ನೀರಿಗಿಳಿದ ಆಸಿಲಾಟ್ ಜಲಾಂತರ್ಗಾಮಿಯೊಳಗೆ ಬಗ್ಗಿ ತೆವಳಿ ಹೋಗಬಹುದು. ಮಲಗುವ ಹಲಗೆಗಳು ಒಂದರ ಮೇಲೊಂದು, ಮಗ್ಗುಲು ಬದಲಿಸಿದರೆ ಮೊಣಕೈ ಕೊಳವೆಗೆ ತಾಗುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಹಗ್ಗದ ಕಾರ್ಖಾನೆ. 346 ಮೀಟರ್ ಉದ್ದದ ಒಂದೇ ಕೋಣೆ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಕಟ್ಟಿದ್ದು. ಹೊಸೆಯುವ ಹಗ್ಗದ ಉದ್ದಕ್ಕೆ ತಕ್ಕಂತೆ ಕಟ್ಟಡದ ಉದ್ದ. ಬಾಗಿಲಲ್ಲಿ ನಿಂತರೆ ಆ ತುದಿ ಬೆಳಕಿನ ಚುಕ್ಕಿಯಾಗಿ ಕಾಣುತ್ತದೆ, ನೆಲದ ಹಲಗೆಗಳು ಕಾಲು ಸವೆಸಿ ನುಣುಪಾಗಿವೆ. ಗಾಡಿ ಹಿಂದಕ್ಕೆ ಸರಿದಂತೆ ಎಳೆಗಳು ಬಿಗಿದು, ನಡುಗಿ, ಒಂದನ್ನೊಂದು ತಬ್ಬಿಕೊಂಡು ಹಗ್ಗವಾಗುವುದನ್ನು ಕಣ್ಣಾರೆ ನೋಡಿದೆ. ಇವತ್ತಿಗೂ ಇಲ್ಲಿ ಹಗ್ಗ ಮಾಡಿ ಮಾರುತ್ತಾರೆ. ಬದುಕಿರುವ ಕಟ್ಟಡ ಎಂದರೆ ಇದು.

ಇನ್ನೊಂದು ಕಡೆ, ಹಳೆಯ ಕಾರ್ಯಾಗಾರವೊಂದರ ನೆಲ ಬಗೆದಾಗ 1995ರಲ್ಲಿ ಹಡಗಿನ ಮರದ ದಿಮ್ಮಿಗಳು ಸಿಕ್ಕವು. ಪರೀಕ್ಷೆ ಮಾಡಿ ನೋಡಿದರೆ ಅವು 1756ರಲ್ಲಿ ಇಲ್ಲೇ ನೀರಿಗಿಳಿದ ನಾಮೂರ್ ಎಂಬ ಯುದ್ಧನೌಕೆಯವು. ಈಗ ಅದಕ್ಕೆ ಪ್ರತ್ಯೇಕ ಪ್ರದರ್ಶನವೇ ಇದೆ, ಒಂದೊಂದು ದಿಮ್ಮಿಗೂ ದೀಪ ಹಾಕಿ ತೋರಿಸುತ್ತಾರೆ. ಅದು ಸರಿಯೇ, ಹಾಗೆ ಮಾಡಬೇಕಾದದ್ದೇ. ಆದರೆ ಇದೇ ಡಾಕ್‌ಯಾರ್ಡಿನ ಪಕ್ಕದಲ್ಲಿ 1779ರಿಂದ ಇದ್ದ, ನೌಕಾಪಡೆಯ ಕಾಲಾಳುಗಳಾದ ರಾಯಲ್ ಮರೀನ್ ಸೈನಿಕರ ಬ್ಯಾರಕ್ ಏನಾಯಿತು? 1950ರಲ್ಲಿ ಅದನ್ನು ಮುಚ್ಚಿದರು, 1960ರಲ್ಲಿ ಕೆಡವಿದರು. ನೂರೆಪ್ಪತ್ತು ವರ್ಷ ಜನ ವಾಸವಿದ್ದ ಜಾಗ. ಅದರ ಒಂದು ಕೋಣೆಯನ್ನಾದರೂ ಉಳಿಸಬೇಕಿತ್ತು ಎಂದು ನನಗೆ ಬಲವಾಗಿ ಅನಿಸಿತು.

ಭಾನುವಾರ

ಬೆಳಗ್ಗೆ ನಾನು ತಂದಿದ್ದ ಗೊಜ್ಜಿನಲ್ಲಿ ಅವಳು ಪುಳಿಯೋಗರೆ ಕಲಸಿದಳು, ಡಬ್ಬಿಗೆ ತುಂಬಿಕೊಂಡು ಕಿಚನರ್ ಬ್ಯಾರಕ್ ಕಡೆಗೆ ಹೊರಟೆವು.

ಈ ಬ್ಯಾರಕ್ಕಿನ ಹುಟ್ಟು 1757ರಲ್ಲಿ. ಆಗಿನ್ನೂ ಇಂಗ್ಲೆಂಡಿನಲ್ಲಿ ಬ್ಯಾರಕ್ ಅಪರೂಪ. ಸಿಪಾಯಿಗಳನ್ನು ಊರಿನ ಹೆಂಡದಂಗಡಿ, ಛತ್ರಗಳಲ್ಲಿ ಹಂಚಿ ಮಲಗಿಸುವುದು ರೂಢಿ. ಖಾಯಂ ಸೈನ್ಯ ಒಂದೇ ಕಡೆ ಗುಂಪುಗೂಡಿದರೆ ಪ್ರಜೆಗಳ ಸ್ವಾತಂತ್ರ್ಯಕ್ಕೆ ಕುತ್ತು ಎಂಬ ಅಂಜಿಕೆ ಸಂಸತ್ತಿನಲ್ಲೇ ಇತ್ತು. ಆದರೆ ಗುಡ್ಡದ ಮೇಲಿನ ಹೊಸ ಕೋಟೆಗೆರೆಯನ್ನು ಕಾಯುವಷ್ಟು ಜನರನ್ನು ಚ್ಯಾಟಮ್‌ನ ಹೆಂಡದಂಗಡಿಗಳಲ್ಲಿ ತುರುಕಲು ಆಗುತ್ತಿರಲಿಲ್ಲ. ಹಾಗಾಗಿ ಡಾಕ್‌ಯಾರ್ಡಿನ ಗೋಡೆಯಿಂದ ಕೂಗಳತೆಯಲ್ಲಿ, ಇಳಿಜಾರಿನಲ್ಲಿ ಮೆಟ್ಟಿಲುಮೆಟ್ಟಿಲಾಗಿ, ಕಾಲಾಳುಗಳಿಗೆ ದೊಡ್ಡ ಬ್ಯಾರಕ್ ಎದ್ದಿತು. ಬ್ರಿಟಿಷ್ ಸೇನಾನಾಯಕ ಕಿಚನರ್‌ನ ಹೆಸರು ಬಂದದ್ದು ಬಹಳ ತಡವಾಗಿ, 1928ರಲ್ಲಿ.

ಹದಿನೆಂಟನೇ ಶತಮಾನದ ಬ್ಯಾರಕ್ ಕೋಣೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಒಂದೇ ಮಂಚದಲ್ಲಿ ಇಬ್ಬರು. ಅಡುಗೆ, ಊಟ, ಬಂದೂಕು ಒರೆಸುವುದು, ನಿದ್ದೆ ಎಲ್ಲವೂ ಅದೇ ಕೋಣೆಯಲ್ಲಿ. ರಾತ್ರಿಯ ಮೂತ್ರಕ್ಕೆ ಮೂಲೆಯಲ್ಲೊಂದು ಮರದ ತೊಟ್ಟಿ. ಮದುವೆಯಾಗಲು ಅಪ್ಪಣೆ ಸಿಕ್ಕ ಕೆಲವೇ ಸಿಪಾಯಿಗಳ ಹೆಂಡತಿಯರು ಅದೇ ಕೋಣೆಯ ಮೂಲೆಯಲ್ಲಿ ಕಂಬಳಿಯೊಂದನ್ನು ಅಡ್ಡ ಕಟ್ಟಿಕೊಂಡು ಸಂಸಾರ ಮಾಡಬೇಕಿತ್ತು. ಬಸಿರು ಬಾಣಂತನ ಎಲ್ಲ ಆ ಕಂಬಳಿಯ ಹಿಂದೆ. ಹತ್ತೊಂಬತ್ತನೇ ಶತಮಾನದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಬ್ಬಿಣದ ಮಂಚ ಬಂತು, ಗಾಳಿ ಬರಲಿಲ್ಲ. ಕ್ರಿಮಿಯ ಯುದ್ಧದ ನಂತರ ಫ್ಲಾರೆನ್ಸ್ ನೈಟಿಂಗೇಲ್ ಹಟ ಹಿಡಿದು ಮಾಡಿಸಿದ ರಾಯಲ್ ಕಮಿಷನ್ ಲೆಕ್ಕ ಹಾಕಿ ನೋಡಿದಾಗ ಬೆಚ್ಚಿಬೀಳಿಸುವ ಸಂಗತಿ ಹೊರಬಿತ್ತು: ಯುದ್ಧವೇ ಇಲ್ಲದ ಕಾಲದಲ್ಲಿ, ತಮ್ಮದೇ ದೇಶದ ಬ್ಯಾರಕ್‌ಗಳಲ್ಲಿ, ಯುವ ಸೈನಿಕರು ಅದೇ ವಯಸ್ಸಿನ ನಾಗರಿಕರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಪ್ರಮಾಣದಲ್ಲಿ ಸಾಯುತ್ತಿದ್ದರು. ಇಕ್ಕಟ್ಟು, ಕೊಳಕು ನೀರು, ಉಸಿರುಗಟ್ಟಿಸುವ ಕೋಣೆ. ನೈಟಿಂಗೇಲ್ ಒತ್ತಾಯದಿಂದಲೇ 1860ರಲ್ಲಿ ಸೇನೆಯ ವೈದ್ಯಕೀಯ ಶಾಲೆ ಶುರುವಾಯಿತು. ಎಲ್ಲಿ? ಇದೇ ಚ್ಯಾಟಮ್‌ನ ಫೋರ್ಟ್ ಪಿಟ್‌ನಲ್ಲಿ. ಕೆಲವು ವರ್ಷಗಳ ನಂತರ ಅದು ನೆಟ್ಲಿ ಎಂಬ ಊರಿಗೆ ಹೋಯಿತು.

ಇಪ್ಪತ್ತನೇ ಶತಮಾನದಲ್ಲಿ ಹಳೆಯ ಕಟ್ಟಡಗಳ ಬಹುಭಾಗವನ್ನು ಕೆಡವಿ ಹೊಸದಾಗಿ ಕಟ್ಟಿದರು. ಸೇನೆ ಬಿಟ್ಟುಕೊಟ್ಟ ಮೇಲೆ ಈಗ ಅಲ್ಲಿ ಫ್ಲ್ಯಾಟ್‌ಗಳು, ಮನೆಗಳು. ಬಾಲ್ಕನಿಗಳಲ್ಲಿ ಸೈಕಲ್ಲು, ಹೂಕುಂಡ, ಒಣಹಾಕಿದ ಬಟ್ಟೆ. ನನಗೆ ಇದರಿಂದ ಬೇಸರವೇನೂ ಆಗಲಿಲ್ಲ. ಇಬ್ಬರಿಗೊಂದು ಮಂಚವಿದ್ದ ಗುಡ್ಡದಲ್ಲಿ ಸಂಸಾರಗಳಿಗೆ ಬಾಗಿಲಿರುವ ಕೋಣೆಗಳಾದವಲ್ಲ. ಹಳೆಯ ಗೋಡೆಯ ಒಂದು ಭಾಗದ ಹತ್ತಿರ ನಿಂತು ಇಟ್ಟಿಗೆಗಳನ್ನು ಮುಟ್ಟಿ ನೋಡಿದೆ: ಹಳದಿ ಮಿಶ್ರಿತ ಕಂದು, ಅಂಚು ಸವೆದು ಗುಂಡಗಾದವು, ನಡುವಿನ ಗಾರೆ ಬೆರಳಿಗೆ ಪುಡಿಯಾಗಿ ಬರುತ್ತದೆ.

ಅಲ್ಲಿಂದ ಏರಿ ಬ್ರಾಂಪ್ಟನ್ ಬ್ಯಾರಕ್. ಇದು 1804ರಿಂದ 1806ರ ನಡುವೆ ಫಿರಂಗಿದಳಕ್ಕೆಂದು ಕಟ್ಟಿದ್ದು. ಕವಾಯತು ಮೈದಾನದ ಮೂರು ಕಡೆ ಸಾಲು ಕಟ್ಟಡ. ಇಂದಿಗೂ ಸೇನೆಯ ಕೈಯಲ್ಲಿದೆ, ಆದ್ದರಿಂದ ಕಂಬಿಗಳಾಚೆಯಿಂದ ನೋಡುವುದಷ್ಟೇ. 1812ರಲ್ಲಿ ಚಾರ್ಲ್ಸ್ ಪ್ಯಾಸ್ಲಿ ಎಂಬ ಅಧಿಕಾರಿ ಚ್ಯಾಟಮ್‌ನಲ್ಲಿ ಸೇನಾ ಎಂಜಿನಿಯರುಗಳಿಗೆ ಶಾಲೆ ತೆರೆದ. ಸ್ಪೇನಿನ ಕೋಟೆಗಳ ಮುತ್ತಿಗೆಯಲ್ಲಿ ತರಬೇತಿಯಿಲ್ಲದೆ ಸೈನಿಕರು ವೃಥಾ ಸಾಯುವುದನ್ನು ಕಂಡು ನಡೆದ ಕೆಲಸವದು. ಕಂದಕ ತೋಡುವುದು, ಸುರಂಗ ಕೊರೆಯುವುದು, ತೇಲುಸೇತುವೆ ಕಟ್ಟುವುದು ಎಲ್ಲವನ್ನೂ ಇಲ್ಲಿ ಕೈಯಾರೆ ಮಾಡಿ ಕಲಿಯಬೇಕಿತ್ತು.

ಈ ಕಂಬಿಗಳ ಮುಂದೆ ನಾನು ಹೆಚ್ಚು ಹೊತ್ತು ನಿಂತೆ. ಈಸ್ಟ್ ಇಂಡಿಯಾ ಕಂಪನಿ ತನ್ನ ಎಳೆಯ ಎಂಜಿನಿಯರುಗಳನ್ನು ಭಾರತಕ್ಕೆ ಕಳುಹಿಸುವ ಮುಂಚೆ ಚ್ಯಾಟಮ್‌ಗೆ ಕಳುಹಿಸುತ್ತಿತ್ತು. 1847ರಲ್ಲಿ ಹಾಗೆ ಬಂದವರಲ್ಲಿ ಮದ್ರಾಸ್ ಎಂಜಿನಿಯರ್ಸ್ ಸೇರಿದ್ದ ಹದಿನೆಂಟರ ಆಸುಪಾಸಿನ ಐರಿಷ್ ಹುಡುಗನೊಬ್ಬನಿದ್ದ, ರಿಚರ್ಡ್ ಹೈರಮ್ ಸ್ಯಾಂಕಿ. ಮುಂದೆ ಮೈಸೂರು ಸಂಸ್ಥಾನದ ಚೀಫ್ ಎಂಜಿನಿಯರ್ ಆಗಿ ಬೆಂಗಳೂರಿನ ಅಠಾರಾ ಕಚೇರಿಯನ್ನು ಕಟ್ಟಿಸಿದವನು, ಕಬ್ಬನ್ ಪಾರ್ಕಿಗೆ ರೂಪ ಕೊಟ್ಟವನು, ಮೈಸೂರು ಸೀಮೆಯ ಕೆರೆಗಳ ದುರಸ್ತಿಗೆ ಒಂದು ಕ್ರಮ ಹಾಕಿದವನು ಅವನೇ. ಮಲ್ಲೇಶ್ವರದವನಾದ ನಾನು ಬೆಳಗಿನ ನಡಿಗೆಗೆ ಹೋಗುವ ಸ್ಯಾಂಕಿ ಕೆರೆಗೂ ಅವನದೇ ಹೆಸರು.

"ಇಲ್ಲಿ ಕಂದಕ ತೋಡಿದ ಹುಡುಗ ಅಲ್ಲಿ ಕೆರೆ ತೋಡಿಸಿದ ಅನ್ನಿ" ಎಂದಳು ಅವಳು.

"ಕೆರೆ ಕಟ್ಟುವುದನ್ನು ನಮ್ಮವರು ಅವನಿಗಿಂತ ಎಷ್ಟೋ ಶತಮಾನ ಮೊದಲೇ ಬಲ್ಲವರಾಗಿದ್ದರು, ಪುಟ್ಟಿ. ಒಂದು ಕೋಡಿ ಬಿದ್ದರೆ ನೀರು ಮುಂದಿನ ಕೆರೆಗೆ ಹರಿಯುವ ಸರಪಣಿ ಅವನು ಬರುವ ಮೊದಲೇ ಇತ್ತು. ಅದನ್ನು ಒಟ್ಟಾಗಿ ನೋಡಿ ರಿಪೇರಿ ಮಾಡಿಸುವ ಬುದ್ಧಿ ಅವನಿಗಿತ್ತು, ಅದು ದೊಡ್ಡದು" ಎಂದೆ.

ಮದ್ರಾಸ್ ಸ್ಯಾಪರ್ಸ್ ಎಂಬ ಸೇನಾ ಎಂಜಿನಿಯರುಗಳ ಪಡೆಯ ನೆಲೆ 1834ರಿಂದ ಬೆಂಗಳೂರಿನ ಹಲಸೂರು ಕೆರೆಯ ಬಳಿಯಿದೆ. ಅಲ್ಲಿಗೆ ಬರುತ್ತಿದ್ದ ಅಧಿಕಾರಿಗಳಲ್ಲಿ ಎಷ್ಟೋ ಜನ ಪಾಠ ಕಲಿತದ್ದು ಈ ಗುಡ್ಡದ ಮೇಲೆ. ಭಾರತಕ್ಕೆ ಬಂದ ಸಾಮಾನ್ಯ ಸಿಪಾಯಿಗಳೂ ಈ ಊರನ್ನು ಹಾದವರೇ. 1843ರಲ್ಲಿ ಕಂಪನಿಯ ತಂಗುದಾಣ ಇಂಗ್ಲೆಂಡಿನದೇ ವಾರ್ಲಿ ಎಂಬ ಊರಿಗೆ ಹೋಗುವ ತನಕ ಅದು ಭರ್ತಿ ಮಾಡಿಕೊಂಡ ಬಿಳಿಯ ಸಿಪಾಯಿಗಳು ಹಡಗು ಹತ್ತುವ ಮುನ್ನ ತಂಗುತ್ತಿದ್ದದ್ದು ಚ್ಯಾಟಮ್‌ನಲ್ಲಿ. ಅವರಲ್ಲಿ ಮರಳಿ ಮನೆ ಕಂಡವರು ಎಷ್ಟು ಜನವೋ. ಬೆಂಗಳೂರು ದಂಡಿನ ಹಳೆಯ ಸ್ಮಶಾನಗಳ ಕಲ್ಲುಗಳಲ್ಲಿರುವ ಇಪ್ಪತ್ತು, ಇಪ್ಪತ್ತೆರಡರ ವಯಸ್ಸುಗಳು ನೆನಪಾದವು.

ಹಿಂದಿರುಗುವಾಗ ಕುದುರೆಯ ಮೇಲೆ ಕುಳಿತ ಕಿಚನರ್ ಪ್ರತಿಮೆ ಸಿಕ್ಕಿತು. ಇದು ಮೊದಲು ಸುಡಾನಿನ ಖಾರ್ಟೂಮ್‌ನಲ್ಲಿತ್ತು. ಸುಡಾನ್ 1956ರಲ್ಲಿ ಸ್ವತಂತ್ರವಾದ ಮೇಲೆ ಇಲ್ಲಿಗೆ ತಂದರು. ಪಡೆಯಲ್ಲಿದ್ದ ಲೆಕ್ಕವಿಲ್ಲದಷ್ಟು ಜನರಲ್ಲಿ ಕುದುರೆ ಸಿಕ್ಕಿದ್ದು ಇಂಥವರಿಗೆ ಮಾತ್ರ. ಅಲ್ಲಿ ಹೆಚ್ಚು ನಿಲ್ಲಲಿಲ್ಲ.

ಸೋಮವಾರ

ಇವತ್ತು ಅವಳ ಕ್ಯಾಂಪಸ್. ಕೆಂಪು ಇಟ್ಟಿಗೆಯ ಗಂಭೀರ ಕಟ್ಟಡಗಳು, ಹಳೆಯ ಪೆಂಬ್ರೋಕ್ ನೌಕಾ ಬ್ಯಾರಕ್. ಈ ನೆಲದ ಮೇಲೆ ಮೊದಲಿದ್ದದ್ದು ಕೈದಿಗಳ ಜೈಲು. 1860ರಿಂದ 1880ರ ದಶಕದ ನಡುವೆ ಡಾಕ್‌ಯಾರ್ಡನ್ನು ಸೇಂಟ್ ಮೇರಿ ದ್ವೀಪದತ್ತ ವಿಸ್ತರಿಸಿದಾಗ ಕೆಸರು ತೋಡಿ, ಇಟ್ಟಿಗೆ ಸುಟ್ಟು, ಮೂರು ಬೃಹತ್ ಕೊಳಗಳನ್ನು ಕಟ್ಟಿದ್ದು ಬಹುಪಾಲು ಆ ಕೈದಿಗಳು. 1861ರಲ್ಲಿ ಅವರು ದಂಗೆಯೆದ್ದಾಗ ಗುಡ್ಡದ ಬ್ಯಾರಕ್‌ಗಳಿಂದ ಸೈನಿಕರು ಬಂದು ಅಡಗಿಸಿದರು. ಜೈಲು 1892ರಲ್ಲಿ ಮುಚ್ಚಿತು. ಅದರ ಜಾಗದಲ್ಲಿ 1897ರಿಂದ ಬ್ಯಾರಕ್ ಎದ್ದಿತು, 1903ರಲ್ಲಿ ನಾವಿಕರು ಒಳಬಂದರು. ಅದಕ್ಕೆ ಮುಂಚೆ ಹಡಗಿಗೆ ಕಾಯುವ ನಾವಿಕರನ್ನು ಪಟ ಕಳಚಿದ, ಕಟ್ಟಿಹಾಕಿದ ಹಳೆಯ ಹಡಗುಗಳಲ್ಲೇ ಮಲಗಿಸುತ್ತಿದ್ದರು.

ಲೈಬ್ರರಿಯಲ್ಲಿ ನನ್ನ ಹೆಸರು ಬರೆಸಿ ಒಳಗೆ ಕರೆದುಕೊಂಡು ಹೋದಳು. ಸುಮಾರು 180 ಮೀಟರ್ ಉದ್ದದ ಹಾಲ್; ಮೇಲೆ ಉಕ್ಕಿನ ಕಮಾನುಗಳ ಸಾಲು, ಕೆಳಗೆ ಪುಸ್ತಕದ ಕಪಾಟು, ಕಂಪ್ಯೂಟರ್, ತಲೆ ತಗ್ಗಿಸಿ ಓದುವ ಮಕ್ಕಳು.

1917ರ ಸೆಪ್ಟೆಂಬರ್ 3, ಅದೂ ಸೋಮವಾರವೇ. ಬ್ಯಾರಕ್ ತುಂಬಿ ತುಳುಕುತ್ತಿತ್ತು. ಸಾಲದ್ದಕ್ಕೆ ಜ್ವರದ ಸೋಂಕು ಬೇರೆ ಹರಡಿದ್ದರಿಂದ ಒತ್ತೊತ್ತಾಗಿ ಮಲಗಿಸುವ ಹಾಗಿರಲಿಲ್ಲ. ಹೆಚ್ಚಾದ ಸುಮಾರು 900 ಜನರಿಗೆ ಈ ಕವಾಯತು ಹಾಲಿನಲ್ಲಿ ಹಾಸಿಗೆ ಹಾಕಿಕೊಟ್ಟರು, ಕೆಲವರಿಗೆ ತೂಗುಮಂಚ. ಬೆಳದಿಂಗಳ ರಾತ್ರಿ. ಜರ್ಮನರ ಗೋಥಾ ವಿಮಾನಗಳು ಅಲ್ಲಿಯವರೆಗೆ ಹಗಲಲ್ಲಿ ಬಂದವು. ಅವು ರಾತ್ರಿ ದಾಳಿಗಿಳಿದದ್ದು ಅವತ್ತೇ ಮೊದಲು. ಊರಿನ ದೀಪಗಳು ಉರಿಯುತ್ತಲೇ ಇದ್ದವು. ಬಾಂಬುಗಳು ಗಾಜಿನ ಛಾವಣಿ ಸೀಳಿಕೊಂಡು ಬಿದ್ದು ನೆಲದಲ್ಲಿ ಸಿಡಿದವು, ಛಾವಣಿಯ ಗಾಜು ಚೂರುಚೂರಾಗಿ ಮಲಗಿದ್ದವರ ಮೇಲೆ ಸುರಿಯಿತು. ಗೋಪುರದ ಗಡಿಯಾರ 11 ಗಂಟೆ 12 ನಿಮಿಷಕ್ಕೆ ನಿಂತಿತು. ಸುಮಾರು 130 ಜನ ಸತ್ತರು, ಎಷ್ಟೋ ದೇಹಗಳನ್ನು ಗುರುತು ಹಿಡಿಯಲೇ ಆಗಲಿಲ್ಲ. ಅವರಲ್ಲಿ ಅನೇಕರು ಸಮುದ್ರದ ಮೇಲೆ ಒಂದು ದಿನವೂ ಕಳೆಯದ ಹುಡುಗರು.

ನಾವು ಅದೇ ಹಾಲಿನಲ್ಲಿ ಉದ್ದಕ್ಕೂ ನಡೆದೆವು. ಪರೀಕ್ಷೆಯ ಕಾಲದಲ್ಲಿ ಇಲ್ಲಿ ಕುರ್ಚಿ ಸಿಗುವುದೇ ಕಷ್ಟ ಎಂದು ಅವಳು ಪಿಸುಗುಟ್ಟಿದಳು. ಕಟ್ಟಡವನ್ನು ಕೆಡವದೆ, ಸ್ಮಾರಕವೆಂದು ಬೀಗವನ್ನೂ ಹಾಕದೆ, 2006ರಲ್ಲಿ ಲೈಬ್ರರಿ ಮಾಡಿದವರಿಗೆ ನನ್ನ ನಮಸ್ಕಾರ. ಸತ್ತವರ ವಯಸ್ಸಿನವರೇ ಇಲ್ಲಿ ಈಗ ಕುಳಿತು ಓದುತ್ತಿದ್ದಾರೆ.

ಮಧ್ಯಾಹ್ನ ಗಿಲ್ಲಿಂಗ್‌ಹ್ಯಾಮ್‌ನ ವುಡ್‌ಲ್ಯಾಂಡ್ಸ್ ಸ್ಮಶಾನಕ್ಕೆ ಹೋದೆವು. ಅವರಲ್ಲಿ ಹೆಚ್ಚಿನವರನ್ನು ಅಲ್ಲಿ ಸಾಲಾಗಿ ಮಣ್ಣು ಮಾಡಿದ್ದಾರೆ. ತಾರೀಕು ಎಲ್ಲ ಕಲ್ಲಿನಲ್ಲೂ ಒಂದೇ.

ಸಂಜೆ ಡಾಕ್ ರೋಡಿನಲ್ಲಿ ಸ್ಟೇಷನ್ನಿನ ಕಡೆ ನಡೆಯುತ್ತ ಬಂದೆವು. ಇದೇ ರಸ್ತೆಯಲ್ಲಿ 1951ರ ಡಿಸೆಂಬರ್ 4ರ ಸಂಜೆ, ಮೆಲ್ವಿಲ್ ಬ್ಯಾರಕ್ಕಿನಿಂದ ಪೆಂಬ್ರೋಕ್ ಬ್ಯಾರಕ್ಕಿಗೆ ಬಾಕ್ಸಿಂಗ್ ಪಂದ್ಯ ನೋಡಲು ಸಾಲಾಗಿ ಹೊರಟಿದ್ದ ಮರೀನ್ ಕೆಡೆಟ್ ಹುಡುಗರ ಹಿಂದಿನಿಂದ ಬಸ್ಸೊಂದು ನುಗ್ಗಿತು. ಗಾಢ ಬಣ್ಣದ ಸಮವಸ್ತ್ರ, ಕತ್ತಲ ರಸ್ತೆ, ಸಾಲಿನ ಹಿಂದೆ ದೀಪವಿರಲಿಲ್ಲ. 24 ಮಕ್ಕಳು ಸತ್ತರು. ಅವರ ವಯಸ್ಸು ಒಂಬತ್ತರಿಂದ ಹದಿಮೂರು. ಮೆಲ್ವಿಲ್ ಬ್ಯಾರಕ್ಕಿನ ಜಾಗದಲ್ಲೂ ಈಗ ವಸತಿಗಳಿವೆ. ಒಂದು ಬ್ಯಾರಕ್ಕಿನಿಂದ ಇನ್ನೊಂದಕ್ಕೆ ನಾವು ನಡೆದದ್ದು ಆ ಮಕ್ಕಳ ದಾರಿಯೇ, ದಿಕ್ಕು ಮಾತ್ರ ಬೇರೆ. ಪಾದಚಾರಿ ಹಾದಿಯಲ್ಲಿ ಅವಳನ್ನು ಒಳಗಿನ ಬದಿಗೆ ನಡೆಸಿದೆ.

ರೈಲಿಗೆ ಕಾಯುವಾಗ ಅವಳು ಮೊಬೈಲಿನಲ್ಲಿ ಏನೋ ಹುಡುಕುತ್ತಿದ್ದಳು. ವೇಲ್ಸ್‌ನ ಪೆಂಬ್ರೋಕ್ ಡಾಕ್ ಎಂಬಲ್ಲಿಯೂ ಹೀಗೇ, ಹಡಗುಕಟ್ಟೆಯ ಮೇಲಿನ ಗುಡ್ಡದಲ್ಲಿ, ಸುತ್ತ ಒಣ ಕಂದಕವಿರುವ ಕೋಟೆಯಂಥ ಬ್ಯಾರಕ್ ಇದೆಯೆಂದು ಹಿಂದಿನ ರಾತ್ರಿ ಹೇಳಿದ್ದೆ. 1840ರ ದಶಕದಲ್ಲಿ ಕಟ್ಟಿದ್ದು. "ಮಾವ, ರೈಲು ಬದಲಾಯಿಸಿಕೊಂಡು ಹೋಗಬೇಕು, ಇಡೀ ದಿನದ ದಾರಿ. ಈಸ್ಟರ್ ರಜೆಗೆ ಬರುತ್ತೀರಾ?" ಎಂದು ಕೇಳಿದಳು. ಬರುತ್ತೇನೆ ಎಂದೆ.